ಮಗಳಿಗೆ ಎರಡು ಶಾಲೆ, ಅಪ್ಪನಿಗೆ ಒಂದು ಪತ್ರ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ಮೂರು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ. ನಿಮಗೇನು, ಓದುವವರು. ಮೊದಲ ಸಾಲು ಹಿಡಿಸದಿದ್ದರೆ ಪುಸ್ತಕ ಮಗುಚಿಟ್ಟು ಕಾಫಿ ಮಾಡಿಕೊಳ್ಳಲು ಏಳುತ್ತೀರಿ. ನನಗೆ ಆ ಸೌಕರ್ಯವಿಲ್ಲ. ಏಪ್ರಿಲ್ ಹತ್ತನೇ ತಾರೀಕು ಸಂಜೆ ಐದು ಗಂಟೆಯೊಳಗೆ ನನ್ನ ಮಗಳು ಎರಡು ವಸತಿಶಾಲೆಗಳಲ್ಲಿ ಒಂದಕ್ಕೆ ಹೂಂ ಅನ್ನಬೇಕು, ಇನ್ನೊಂದಕ್ಕೆ ಬೇಡ ಅನ್ನಬೇಕು. ಇವತ್ತು ಮೂರನೇ ತಾರೀಕು.

ಮೊದಲ ಪ್ರಯತ್ನ ಹೀಗಿತ್ತು: "ಅಡುಗೆಮನೆಯ ಮೇಜಿನ ಮೇಲೆ ಎರಡು ಶಾಲೆಗಳ ಪುಸ್ತಿಕೆಗಳು ಬಿದ್ದಿದ್ದವು. ಒಂದರಲ್ಲಿ ಹುಡುಗಿಯರು ನಗುತ್ತಿದ್ದರು. ಇನ್ನೊಂದರಲ್ಲಿ ಹುಡುಗಿಯರೂ ಹುಡುಗರೂ ನಗುತ್ತಿದ್ದರು."

ಹೊಡೆದು ಹಾಕಿದೆ. ಇಂಥ ಪುಸ್ತಿಕೆಗಳಲ್ಲಿ ಅಳುವ ಮಕ್ಕಳ ಫೋಟೋ ಯಾರು ಹಾಕುತ್ತಾರೆ? ನಮ್ಮ ಶಾಲೆಯ ಪುಸ್ತಿಕೆಗೆ ಫೋಟೋ ತೆಗೆಯುವ ದಿನ ಹುಡುಗರನ್ನು ಮೇಪಲ್ ಮರದ ಕೆಳಗೆ ಕೂರಿಸಿ, "ನಗ್ರೋ, ಪುಸ್ತಕ ತಲೆಕೆಳಗಾಗಿ ಹಿಡೀಬೇಡ್ರೋ" ಎಂದು ಗದರಿದವನು ನಾನೇ.

೨

ಸರಿ, ಪರಿಚಯದಿಂದಲೇ ಶುರು ಮಾಡುತ್ತೇನೆ. (ಹಳೆಯ ದಾರಿ. ಆದರೆ ಮುಟ್ಟಬೇಕಾದಲ್ಲಿಗೆ ಮುಟ್ಟಿಸುತ್ತದೆ.)

ನನ್ನ ಹೆಸರು ಏಮೋಸ್ ಕಿಂಬಲ್. ನ್ಯೂ ಹ್ಯಾಂಪ್‌ಶೈರಿನಲ್ಲಿ ಗಂಡುಹುಡುಗರ ವಸತಿಶಾಲೆಯೊಂದರಲ್ಲಿ ಹದಿನೇಳು ವರ್ಷದಿಂದ ಇತಿಹಾಸ ಹೇಳಿಕೊಡುತ್ತಿದ್ದೇನೆ. ನಮ್ಮಲ್ಲಿ ಪಾಠ ಹೇಳುವವನೇ ಹಾಸ್ಟೆಲಿನ ವಾರ್ಡನ್, ವಾರ್ಡನ್ನೇ ಆಟದ ಕೋಚು, ಕೋಚೇ ಶನಿವಾರ ಬಸ್ಸು ಓಡಿಸುವವನು. ನಮ್ಮ ಮನೆ ಎಂದರೆ ಹಾಸ್ಟೆಲಿನ ನೆಲಮಹಡಿಯ ಒಂದು ತುದಿ. ಅಡುಗೆಮನೆಯ ಬಾಗಿಲು ತೆರೆದರೆ ನಲವತ್ತೆರಡು ಹುಡುಗರ ಕಾರಿಡಾರು. ಹೆಂಡತಿ ನೋರೀನ್ ಈ ಶಾಲೆಯ ನರ್ಸು. ಮಗಳು ಡೆಲಿಯಾಳಿಗೆ ಹದಿನಾಲ್ಕು. ಅವಳು ನಡೆಯಲು ಕಲಿತದ್ದು ಈ ಕಾರಿಡಾರಿನಲ್ಲಿ. ಅವಳಿಗೆ ಸೈಕಲ್ ಕಲಿಸಿದ್ದು, ಬೈಗುಳ ಕಲಿಸಿದ್ದು, ಭಿನ್ನರಾಶಿ ಕಲಿಸಿದ್ದು ಎಲ್ಲ ಈ ಹುಡುಗರೇ. ಇಷ್ಟಾಗಿಯೂ ಈ ಶಾಲೆಗೆ ಅವಳು ಸೇರುವಂತಿಲ್ಲ. ಹೆಣ್ಣು.

ಊರಿನ ಶಾಲೆಯಲ್ಲಿ ಎಂಟನೆಯದು ಮುಗಿಯುತ್ತಿದೆ. ಒಂಬತ್ತಕ್ಕೆ ಎರಡು ಕಡೆ ಸೀಟು ಸಿಕ್ಕಿದೆ. ಒಂದು, ಮಿಸ್ ಥ್ಯಾಕ್ಸ್‌ಟರ್ಸ್, ಹುಡುಗಿಯರದ್ದು ಮಾತ್ರ. ಇನ್ನೊಂದು, ಕ್ವಿಂಬಿ ಹಿಲ್, ಇಬ್ಬರದ್ದೂ. ಸ್ಟಾಫ್ ರೂಮಿನಲ್ಲಿ ಈ ವಿಷಯಕ್ಕೆ ಅಭಿಪ್ರಾಯವಿಲ್ಲದವರೇ ಇಲ್ಲ. "ಹದಿನಾಲ್ಕು ವರ್ಷ ಗಂಡುಹುಡುಗರ ಸಾಕ್ಸ್ ವಾಸನೆ ಕುಡ್ದಿದಾಳೆ, ಥ್ಯಾಕ್ಸ್‌ಟರ್ಸ್‌ಗೇ ಕಳ್ಸಿ, ಪುಣ್ಯ ಬರುತ್ತೆ" ಎಂದರು ಗಣಿತದವರು. "ಅವಳಿಗೆ ಹುಡುಗರು ಏನ್ ಹೊಸದಾ? ಕ್ವಿಂಬೀಲಿ ಆರಾಮಾಗಿರ್ತಾಳೆ" ಎಂದರು ಲ್ಯಾಟಿನ್‌ನವರು. ಡೆಲಿಯಾಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ ಅನ್ನಿ.

ನನ್ನ ಆಸೆ ಮುಚ್ಚಿಡುವುದಿಲ್ಲ. ಅವಳು ಥ್ಯಾಕ್ಸ್‌ಟರ್ಸ್‌ಗೆ ಹೋಗಬೇಕು. ಯಾಕೆ ಎಂದು ಕೇಳಬೇಡಿ, ಮುಂದಿನ ಭಾಗಕ್ಕೆ ಹೋಗೋಣ.

೩

ಸೀಟು ಸಿಕ್ಕ ಮಕ್ಕಳನ್ನು ಶಾಲೆಗಳು ಒಂದು ದಿನದ ಮಟ್ಟಿಗೆ ಕರೆಯುತ್ತವೆ. ಮಾರ್ಚಿನಲ್ಲಿ ತಾವು ಮಕ್ಕಳನ್ನು ಆರಿಸಿದವು, ಏಪ್ರಿಲ್ಲಿನಲ್ಲಿ ಮಕ್ಕಳು ತಮ್ಮನ್ನು ಆರಿಸಲಿ ಎಂದು ಬೆಣ್ಣೆ ಹಚ್ಚುತ್ತವೆ.

ಥ್ಯಾಕ್ಸ್‌ಟರ್ಸ್‌ನಲ್ಲಿ ಪ್ರತಿ ಹೊಸ ಹುಡುಗಿಗೂ ಒಬ್ಬ ಹಿರಿಯ ಹುಡುಗಿ ಗಂಟು ಬೀಳುತ್ತಾಳೆ, ಮಣಿಕಟ್ಟಿಗೆ ರಿಬ್ಬನ್ ಕಟ್ಟುತ್ತಾಳೆ, ಊಟದ ಹೊತ್ತಿಗೆ ಎಲ್ಲರೂ ಕುರ್ಚಿ ಹತ್ತಿ ನಿಂತು ಶಾಲೆಯ ಹಾಡು ಹೇಳುತ್ತಾರೆ. ಕುರ್ಚಿಯ ಮೇಲೆ ನಿಂತ ಮಗಳನ್ನು ನೋಡಿ ನನ್ನ ಕಣ್ಣು ತುಂಬಿತು. ಅವಳ ಮುಖ ಅರಳಿತ್ತು. ಇಲ್ಲೇ ಸೇರುತ್ತೇನೆ ಎಂದು ಆ ಮುಖವೇ ಹೇಳುತ್ತಿತ್ತು.

ಕ್ವಿಂಬಿ ಹಿಲ್‌ನಲ್ಲಿ ನಮಗೆ ಕ್ಯಾಂಪಸ್ ತೋರಿಸಿದವನು ಒಬ್ಬ ಉದ್ದ ಹುಡುಗ. ಹುಡುಗರು ಹುಡುಗಿಯರ ಕೋಣೆಗೆ ಹೋದರೆ ಬಾಗಿಲಿಗೆ ಒಂದು ಬೂಟು ಸಿಕ್ಕಿಸಿ ತೆರೆದಿಡಬೇಕು, ದೀಪ ಉರಿಯುತ್ತಿರಬೇಕು, ಎಲ್ಲರ ಕಾಲೂ ನೆಲದ ಮೇಲಿರಬೇಕು ಎಂಬ ನಿಯಮವನ್ನು ನನ್ನೆದುರು ವಿವರಿಸುವಾಗ ಅವನ ಕಿವಿ ಕೆಂಪಾಯಿತು. ಡೆಲಿಯಾ ತಲೆ ತಗ್ಗಿಸಿದಳು. ಪಾಪ, ಮಗು ಹೆದರಿತ್ತು.

೩ (ಮತ್ತೆ)

ಇಂದು ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಮೇಲಿನ ಭಾಗದ ಪಕ್ಕದಲ್ಲಿ ಹಳದಿ ಬಣ್ಣದ ಟಿಪ್ಪಣಿಗಳು. ಮನೆಗೆಲ್ಲ ಇರುವುದು ಒಂದೇ ಕಂಪ್ಯೂಟರ್, ಅದರ ಪಾಸ್‌ವರ್ಡು ನಾಯಿಯ ಹೆಸರು. ತಪ್ಪು ನನ್ನದೇ.

"ಅಪ್ಪ, ನನ್ನ ಮುಖ ಅರಳಿರ್ಲಿಲ್ಲ. ಕುರ್ಚಿ ಅಲ್ಲಾಡ್ತಿತ್ತು, ಬೀಳ್ತೀನಿ ಅಂತ ಹಲ್ಲು ಕಚ್ಕೊಂಡಿದ್ದೆ."

"ಕ್ವಿಂಬೀಲಿ ಹೆದರಿರ್ಲಿಲ್ಲ. ನಗು ತಡ್ಕೋತಿದ್ದೆ. ನಮ್ಮನೇಲಿ ಬಾಗಿಲು ಹಾಕಿದ್ರೂ ಮುಚ್ಚಿರಲ್ಲ, ಅಲ್ಲಿ ತೆಗೆದಿಡೋಕೆ ಬೂಟು ಬೇಕಂತೆ ಅಂತ."

"ಪಾಪ, ಮಗು ಅಂತೆಲ್ಲ ಬರೀಬೇಡ."

ಕೊನೆಯಲ್ಲಿ ಇನ್ನೊಂದು:

"ಪತ್ರದ ವಿಷಯ ಯಾಕೆ ಬರ್ದಿಲ್ಲ?"

ನಾನು ಕೆಳಗೆ ಉತ್ತರ ಬರೆದೆ: ಯಾವ ಪತ್ರ? ಈ ಕಥೆಯಲ್ಲಿ ಪತ್ರವಿಲ್ಲ. ಇದು ಶಾಲೆ ಆರಿಸುವ ಕಥೆ. ಪಾತ್ರಗಳು ತಮ್ಮ ಪಾಡಿಗೆ ತಾವಿರಬೇಕು.

ಮಧ್ಯಾಹ್ನದ ಹೊತ್ತಿಗೆ ಅದರ ಕೆಳಗೆ ನೋರೀನಳ ಒಂದು ಸಾಲು ಬಂದಿತ್ತು. "ಏಮೋಸ್, ಸುಮ್ನೆ ಬರೆದ್ಬಿಡು."

ಹೆಂಡತಿಯೂ ಸೇರಿಕೊಂಡಳು. ಸಾಕಪ್ಪಾ ಸಾಕು. ಒಂದು ಕಥೆ ಬರೆಯಲು ಕೂತರೆ ಮನೆಯಲ್ಲಿ ಇಬ್ಬರು ಸಂಪಾದಕರು. ನಾಯಿ ಒಂದು ಬಾಕಿ.

೪

ಪತ್ರ.

ಹೋದ ಅಕ್ಟೋಬರಿನಲ್ಲಿ ನಮ್ಮ ಶಾಲೆಯಲ್ಲಿ ಡ್ಯಾನ್ಸ್ ಇತ್ತು. ಪ್ರತಿ ಸಲದಂತೆ ಥ್ಯಾಕ್ಸ್‌ಟರ್ಸ್‌ನಿಂದ ಒಂದು ಬಸ್ಸು ತುಂಬ ಹುಡುಗಿಯರು ಬಂದರು, ಕುಣಿದರು, ಸೇಬಿನ ಸೈಡರ್ ಕುಡಿದರು, ಹೋದರು. ಎರಡು ದಿನದ ಮೇಲೆ ನಮ್ಮ ಹಾಸ್ಟೆಲಿನಲ್ಲಿ ಬೂಟು ಬಿಡುವ ಕೋಣೆಯ ಗೋಡೆಯ ಮೇಲೆ ಒಂದು ಪಟ್ಟಿ ಕಂಡಿತು. ಬಂದಿದ್ದ ಇಪ್ಪತ್ತಾರು ಹುಡುಗಿಯರಿಗೂ ಹತ್ತಕ್ಕೆ ಇಷ್ಟು ಎಂದು ಅಂಕ. ಅದನ್ನು ಮೊದಲು ನೋಡಿದವಳು ಡೆಲಿಯಾ, ನಾಯಿಯ ಹಗ್ಗ ತರಲು ಹೋದಾಗ. ಇಪ್ಪತ್ತಾರರಲ್ಲಿ ಅವಳಿಗೆ ಪರಿಚಯವಿದ್ದವಳು ಇಂಗ್ರಿಡ್, ಅವಳಿಗೆ ಸ್ಕೇಟಿಂಗ್ ಹೇಳಿಕೊಟ್ಟವಳು, ನಮ್ಮ ಊರಿನವಳೇ. ಇಂಗ್ರಿಡ್‌ಗೆ ಎರಡು ಅಂಕ. ಪಕ್ಕದಲ್ಲಿ, "ಬಸ್ಸಲ್ಲೇ ಕೂತಿರಬಹುದಿತ್ತು."

ಕೈಬರಹ ನನಗೆ ಗೊತ್ತಿತ್ತು. ಗ್ರಾಂಟ್ ಹಾಲಿಸ್ಟರ್, ಹನ್ನೊಂದನೇ ತರಗತಿ, ನಮ್ಮ ಬಾಗಿಲಿನಿಂದ ಮೂರನೇ ಕೋಣೆ. ನಾನು ಪಟ್ಟಿ ಹರಿದೆ. ಅವನನ್ನು ಕರೆದು, "ನಾಚಿಕೆ ಆಗ್ಬೇಕು" ಎಂದೆ. ಚಳಿಗಾಲದಲ್ಲಿ ಎರಡು ಶನಿವಾರ ಹಿಮ ಎತ್ತುವ ಶಿಕ್ಷೆ ಕೊಟ್ಟೆ. ಶಿಸ್ತು ನೋಡಿಕೊಳ್ಳುವ ಡೀನ್‌ಗೆ ತಿಳಿಸಲಿಲ್ಲ. ಹಾಸ್ಟೆಲಿನ ಮಾತು ಹಾಸ್ಟೆಲಿನಲ್ಲೇ ಮುಗಿಸುವವನೇ ಒಳ್ಳೆಯ ವಾರ್ಡನ್ ಎಂದು ನಾವು ನಾವೇ ಮೆಚ್ಚಿಕೊಳ್ಳುತ್ತೇವೆ.

ಫೆಬ್ರವರಿಯಲ್ಲಿ ಅದೇ ಗ್ರಾಂಟ್ ಮುಂದಿನ ವರ್ಷದ ಪ್ರಿಫೆಕ್ಟ್, ಅಂದರೆ ವಿದ್ಯಾರ್ಥಿ ನಾಯಕ, ಆಗಲು ಅರ್ಜಿ ಹಾಕಿದ. ಅದಕ್ಕೆ ವಾರ್ಡನ್ನಿನ ಶಿಫಾರಸು ಪತ್ರ ಬೇಕು. ಬರೆದೆ. "ಗ್ರಾಂಟ್ ಸೂಕ್ಷ್ಮ ಮನಸ್ಸಿನ, ಜವಾಬ್ದಾರಿಯುಳ್ಳ ಹುಡುಗ. ಯಾವ ಮನೆಯವರೂ ಸಂತೋಷದಿಂದ ತಮ್ಮ ಊಟದ ಮೇಜಿಗೆ ಕರೆಯಬಹುದಾದವನು."

ಬೇಕೆಂದು ಸುಳ್ಳು ಬರೆದೆ ಎಂದುಕೊಳ್ಳಬೇಡಿ. ಅಷ್ಟು ಯೋಚನೆಯನ್ನೂ ಮಾಡಲಿಲ್ಲ. ಊಟದ ಮೇಜಿನ ಆ ವಾಕ್ಯವನ್ನು ಹದಿನೇಳು ವರ್ಷದಿಂದ ಕಂಡ ಕಂಡ ಹುಡುಗರಿಗೆಲ್ಲ ಬರೆದಿದ್ದೇನೆ. ನಮ್ಮ ಕಸುಬಿನಲ್ಲಿ ಎಲ್ಲರಿಗೂ ಇಂಥದ್ದೊಂದು ವಾಕ್ಯ ಇರುತ್ತದೆ. ಹೆಸರು ಬದಲಿಸಿ, ಮುದ್ರಿಸಿ, ಸಹಿ ಹಾಕಿ, ಕಳಿಸಿ. ಆ ಸಲ ಮುದ್ರಿಸಿದ ಒಂದು ಪ್ರತಿಯನ್ನು ಪ್ರಿಂಟರಿನಲ್ಲೇ ಮರೆತೆ. ತನ್ನ ವಿಜ್ಞಾನದ ವರದಿ ತೆಗೆದುಕೊಳ್ಳಲು ಹೋದ ಡೆಲಿಯಾಳ ಕೈಗೆ ಅದು ಸಿಕ್ಕಿತು.

ಮಾರ್ಚಿನಲ್ಲಿ ಸೀಟುಗಳು ಬಂದ ಮೇಲೆ, ನಾನು ಥ್ಯಾಕ್ಸ್‌ಟರ್ಸ್‌ನ ಪರ ಒಂದೊಂದೇ ಕಾರಣ ಕೊಡುತ್ತಿದ್ದಾಗ (ತರಗತಿಯಲ್ಲಿ ಹುಡುಗಿಯರು ಕೈ ಎತ್ತುತ್ತಾರೆ, ಗಣಿತದಲ್ಲಿ ಧೈರ್ಯ ಬರುತ್ತದೆ, ತಂಡಕ್ಕೆ ಹುಡುಗಿಯೇ ನಾಯಕಿ), ಬೆಣ್ಣೆ ಸವರುತ್ತಿದ್ದ ಚಾಕು ಕೆಳಗಿಟ್ಟು ಅವಳು ಕೇಳಿದಳು.

"ಕ್ವಿಂಬೀಲಿ ಹುಡುಗರಿದಾರೆ, ಅದಕ್ಕೆ ಬೇಡ ಅಂತೀಯ. ಅಲ್ವಾ?"

"ಹಾಗಲ್ಲಮ್ಮ."

"ಮತ್ತೆ ಹೇಗೆ? ಹುಡುಗರು ಒಳ್ಳೇವ್ರು ಅಂತ ದಿನಾ ಪತ್ರ ಬರೀತೀಯ. ಒಳ್ಳೇವ್ರಾದ್ರೆ ನಾನು ಅವರ ಜೊತೆ ಓದಿದ್ರೆ ಏನಾಗುತ್ತೆ? ಒಳ್ಳೇವ್ರಲ್ಲ ಅಂದ್ರೆ ಹಾಗೇ ಬರಿ. ಎರಡ್ರಲ್ಲಿ ಒಂದು ಮಾಡಪ್ಪ."

ಅದಕ್ಕೇ ಕಥೆ ಬರೆಯಲು ಕೂತೆ. ಕಥೆಯಲ್ಲಾದರೂ ಅವಳ ಬಾಯಿ ನನ್ನ ಕೈಯಲ್ಲಿರುತ್ತದೆ ಎಂದುಕೊಂಡಿದ್ದೆ. ಎಂಥ ಪೆದ್ದ ನಾನು.

೫

ಏಪ್ರಿಲ್ ಆರು. ದಿನಗಳು ಓಡುತ್ತಿವೆ, ಮುಕ್ತಾಯಗಳನ್ನಾದರೂ ಬರೆದಿಟ್ಟುಕೊಳ್ಳೋಣ ಎಂದು ಮೂರು ಬರೆದೆ. ನಿಮಗೆ ಬೇಕಾದ್ದು ಆರಿಸಿಕೊಳ್ಳಿ.

ಮುಕ್ತಾಯ ಅ: ಡೆಲಿಯಾ ಥ್ಯಾಕ್ಸ್‌ಟರ್ಸ್ ಸೇರುತ್ತಾಳೆ. ನಾಲ್ಕು ವರ್ಷದ ನಂತರ ವೇದಿಕೆಯ ಮೇಲೆ ನಿಂತು ಭಾಷಣ ಮಾಡುತ್ತಾಳೆ, "ನನ್ನ ತಂದೆ ಹೇಳಿದ್ದು ಸರಿಯಾಗಿತ್ತು" ಎನ್ನುತ್ತಾಳೆ. (ಹಳದಿ ಟಿಪ್ಪಣಿ: "ಸತ್ರೂ ಅನ್ನಲ್ಲ.")

ಮುಕ್ತಾಯ ಆ: ಕ್ವಿಂಬಿ ಹಿಲ್ ಸೇರುತ್ತಾಳೆ. ಅಲ್ಲಿ ಒಬ್ಬ ಹುಡುಗ ಅವಳಿಗೆ ಅಂಕ ಕೊಡುತ್ತಾನೆ. ಅಳುತ್ತ ಮನೆಗೆ ಫೋನ್ ಮಾಡುತ್ತಾಳೆ. ನಾನು ಕಾರು ಹತ್ತುತ್ತೇನೆ. (ಟಿಪ್ಪಣಿ: "ಇದು ನಿನಗಿಷ್ಟ ಅಲ್ವಾ? ನಾನು ಅಳ್ಬೇಕು, ನೀನು ಕಾರು ಹತ್ಬೇಕು.")

ಮುಕ್ತಾಯ ಇ: ಎರಡೂ ಬೇಡವೆಂದು ಊರಿನ ಹೈಸ್ಕೂಲಿಗೇ ಹೋಗುತ್ತಾಳೆ. ಮನೆಯಲ್ಲೇ ಉಳಿಯುತ್ತಾಳೆ. ಎಲ್ಲರಿಗೂ ಸುಖ. (ನೋರೀನಳ ಟಿಪ್ಪಣಿ: "ಎಲ್ಲರಿಗೂ ಅಂದ್ರೆ ನಿನಗೆ.")

ಇವರ ಕಾಟ ತಡೆಯಲಾರದೆ ಪಾಸ್‌ವರ್ಡು ಬದಲಿಸಿದೆ. ಹೊಸದು ಹಳೆಯ ನಾಯಿಯ ಹೆಸರು. ಹತ್ತು ನಿಮಿಷ ಕೂಡ ಬಾಳಲಿಲ್ಲ.

೬

ಈ ಭಾಗವನ್ನು ನಾನು ಯೋಜಿಸಿರಲಿಲ್ಲ.

ಭಾನುವಾರ ಸಂಜೆ ಹಾಸ್ಟೆಲಿನ ಹುಡುಗರು ಸರದಿಯಂತೆ ನಾಲ್ಕು ನಾಲ್ಕು ಜನ ನಮ್ಮ ಮನೆಯಲ್ಲಿ ವಾಫಲ್ ತಿನ್ನುತ್ತಾರೆ. ಯಾರ ಸರದಿ ಎಂಬ ಹಾಳೆ ಫ್ರಿಜ್ಜಿನ ಮೇಲಿರುತ್ತದೆ. ಈ ಭಾನುವಾರ ನಾಲ್ಕು ಹೆಸರಿರಬೇಕಾದ ಕಡೆ ಒಂದೇ ಇತ್ತು, ಡೆಲಿಯಾಳ ಅಕ್ಷರದಲ್ಲಿ: ಗ್ರಾಂಟ್ ಹಾಲಿಸ್ಟರ್.

ಅವನು ತಲೆ ಬಾಚಿಕೊಂಡು ಬಂದ. ಒಬ್ಬನೇ ಎಂದು ಗೊತ್ತಾದಾಗ ಬಾಗಿಲಲ್ಲೇ ಅನುಮಾನಿಸಿದ. ನೋರೀನ್, "ಬಾರಪ್ಪ, ಕೂತ್ಕೋ" ಎಂದು ತಟ್ಟೆ ಇಟ್ಟಳು. ಅವನು ಅರ್ಧ ವಾಫಲ್ ತಿನ್ನುವವರೆಗೆ ಡೆಲಿಯಾ ಕಾದಳು. ಅಷ್ಟು ಸೌಜನ್ಯ ಇದೆ ಅವಳಿಗೆ.

"ಇಂಗ್ರಿಡ್‌ಗೆ ಎಷ್ಟು ಕೊಟ್ಟಿದ್ದೆ?"

ಗ್ರಾಂಟ್ ಫೋರ್ಕ್ ಕೆಳಗಿಟ್ಟ. ನನ್ನತ್ತ ನೋಡಿದ. ನಾನು ನನ್ನ ವಾಫಲಿಗೆ ಮೇಪಲ್ ಪಾಕ ಸುರಿದುಕೊಳ್ಳತೊಡಗಿದೆ.

"ಎರಡು."

"ಯಾಕೆ?"

"ಸರ್..."

"ಸರ್ ಕಡೆ ಯಾಕೆ ನೋಡ್ತೀಯ? ಪಟ್ಟಿ ಬರ್ದಿದ್ದು ಸರ್ ಅಲ್ವಲ್ಲ."

(ಓದುಗರೇ, ಇಲ್ಲಿ ನಾನು ಲೇಖಕನಾಗಿ ಏನಾದರೂ ಮಾಡಬಹುದಿತ್ತು. ಬೆಂಕಿಯ ಗಂಟೆ ಬಾರಿಸಬಹುದಿತ್ತು. ಯಾರಿಗಾದರೂ ಜ್ವರ ಬರಿಸಿ ನರ್ಸನ್ನು ಕರೆಸಬಹುದಿತ್ತು. ಪಾಕ ಸುರಿಯುತ್ತಲೇ ಇದ್ದೆ.)

"ಡ್ಯಾನ್ಸ್ ಮಾಡೋಣ್ವಾ ಅಂತ ಕೇಳ್ದೆ," ಎಂದ ಗ್ರಾಂಟ್, ತಟ್ಟೆ ನೋಡುತ್ತ. "ಕಾಲು ನೋವು ಅಂದ್ಳು. ಆಮೇಲೆ ಇನ್ನೊಬ್ಬನ ಜೊತೆ ಮೂರು ಹಾಡಿಗೆ ಕುಣಿದ್ಳು."

"ಅಷ್ಟಕ್ಕೆ?"

"ಅಷ್ಟಕ್ಕೇ."

"ಮಿಕ್ಕವರು ಏನ್ ಮಾಡಿದ್ರು?"

"ಏನಿಲ್ಲ. ಅವಳೊಬ್ಬಳದೇ ಬರೆದ್ರೆ ಯಾಕೆ ಅಂತ ಎಲ್ಲರಿಗೂ ಗೊತ್ತಾಗ್ಬಿಡುತ್ತೆ. ಅದಕ್ಕೆ ಎಲ್ಲರದ್ದೂ ಬರೆದೆ."

"ಆ ಪಟ್ಟಿ ಫೋಟೋ ಅವಳಿಗೆ ಹೋಯ್ತು, ಗೊತ್ತಾ? ಅಪ್ಪ ಹರಿಯೋ ಮುಂಚೆನೇ ಯಾರೋ ತೆಗೆದಿದ್ರು. ಅವತ್ತಿಂದ ಅವಳು ಯಾವ ಡ್ಯಾನ್ಸಿಗೂ ಬಸ್ ಹತ್ತಿಲ್ಲ."

ನನಗೆ ಗೊತ್ತಿರಲಿಲ್ಲ. ಆರು ತಿಂಗಳಿಂದ, ಹರಿದು ಬುಟ್ಟಿಗೆ ಹಾಕಿದ್ದು ಮುಗಿದ ವಿಷಯ ಎಂದುಕೊಂಡಿದ್ದೆ.

"ಗೊತ್ತು," ಎಂದ ಗ್ರಾಂಟ್. ಅವನ ಕತ್ತು ಕೆಂಪಾಗಿತ್ತು. "ಕ್ಷಮೆ ಕೇಳಿ ಕಾಗದ ಬರೆದೆ. ಕಳಿಸ್ಲಿಲ್ಲ. ಕಳಿಸಿದ್ರೆ ಇನ್ನೂ ಕೆಟ್ಟದಾಗುತ್ತೇನೋ ಅನ್ನಿಸ್ತು."

"ಇದನ್ನೆಲ್ಲ ಅಪ್ಪನಿಗೆ ಯಾಕೆ ಹೇಳ್ಲಿಲ್ಲ?"

"ಸರ್ ಕೇಳ್ಲಿಲ್ಲ. ಸಲಿಕೆ ಕೊಟ್ರು."

ನೋರೀನ್ ಕೈ ಚಾಚಿ ನನ್ನ ಕೈಯಿಂದ ಪಾಕದ ಜಗ್ಗು ತೆಗೆದುಕೊಂಡಳು. ಮೇಜುಬಟ್ಟೆಯ ಮೇಲೆಲ್ಲ ಹರಿದಿತ್ತು.

ಅವನು ಹೋದ ಮೇಲೆ ಡೆಲಿಯಾ ಬಟ್ಟೆ ಒದ್ದೆ ಮಾಡಿ ತಂದು ಮೇಜು ಒರೆಸತೊಡಗಿದಳು. ಒರೆಸುತ್ತಲೇ ಕೇಳಿದಳು. "ಈಗ ಹೇಳು. ಅವನು ಒಳ್ಳೆಯವನಾ, ಕೆಟ್ಟವನಾ?"

"ಗೊತ್ತಿಲ್ಲ ಕಣೇ."

"ಗೊತ್ತಿಲ್ದೇ ಅವನಿಗೆ ಪತ್ರ ಬರೆದೆ. ಗೊತ್ತಿಲ್ದೇ ನನ್ನ ಥ್ಯಾಕ್ಸ್‌ಟರ್ಸ್‌ಗೆ ಕಳಿಸ್ತಿದೀಯ. ಅಲ್ಲಿ ಇಂಗ್ರಿಡ್ ಇದಾಳೆ ಅಪ್ಪ. ಹುಡುಗಿಯರ ಶಾಲೇಲಿ ಇದ್ದೂ ಅವಳಿಗೆ ಎರಡು ಬಂತು. ನೀನು ನನ್ನ ಎಲ್ಲಿ ಬಚ್ಚಿಡ್ತೀಯ?"

ಸಿಟ್ಟು ಬಂತು. ಅವಳ ಮೇಲೆ ಎಂದು ಮೊದಲು ಅಂದುಕೊಂಡೆ. ತುಂಬ ಹೊತ್ತಿನ ಮೇಲೆ ಅಲ್ಲ ಎಂದು ಗೊತ್ತಾಯಿತು. ಹದಿನೇಳು ವರ್ಷ ಹುಡುಗರನ್ನು ಬೆಳೆಸುತ್ತಿದ್ದೇನೆ ಎಂದುಕೊಂಡವನು ಬರೀ ಕಾರಿಡಾರು ಕಾಯುತ್ತಿದ್ದೆ.

೮

(ಏಳನ್ನು ಕಿತ್ತು ಹಾಕಿದ್ದೇನೆ. ಅದರಲ್ಲಿ ನಾನು ಪಶ್ಚಾತ್ತಾಪಪಟ್ಟು ಎರಡು ಪುಟ ಬರೆದಿದ್ದೆ. ಬಹಳ ಚೆನ್ನಾಗಿತ್ತು. ಅದೇ ಅದರ ತೊಂದರೆ.)

ಏಪ್ರಿಲ್ ಹತ್ತು. ಕರಗಿದ ಹಿಮದಿಂದ ಮೈದಾನವೆಲ್ಲ ಕೆಸರು. ಆಟ ಮುಗಿಸಿ, ಬೂಟು ಬಿಚ್ಚಿ ನಾನು ಮನೆಗೆ ಬರುವಾಗ ಐದೂಹತ್ತು. ನೋರೀನ್ ಇಸ್ತ್ರಿ ಪೆಟ್ಟಿಗೆ ಹಿಡಿದು ಡೆಲಿಯಾಳ ಸಾಕ್ಸುಗಳಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದಳು. ಯಾವ ವಸತಿಶಾಲೆಯಾದರೂ ಇದು ತಪ್ಪುವುದಿಲ್ಲ, ಹಾಗಾಗಿ ಅದನ್ನು ನೋಡಿ ಏನೂ ತಿಳಿಯುವಂತಿರಲಿಲ್ಲ.

"ಆಯ್ತಾ?" ಎಂದೆ.

"ನಾಲ್ಕಕ್ಕೇ ಆಯ್ತು. ಒಬ್ಬರ ಸಹಿ ಸಾಕಂತೆ, ನಾನು ಹಾಕ್ದೆ."

"ಯಾವುದು?"

"ಅವಳನ್ನೇ ಕೇಳು."

ಡೆಲಿಯಾ ಮೆಟ್ಟಿಲ ಮೇಲೆ ಕೂತು ಸೇಬು ತಿನ್ನುತ್ತಿದ್ದಳು. ಕೇಳಿದೆ.

"ನೀನು ಗ್ರಾಂಟ್ ಪತ್ರ ವಾಪಸ್ ತಗೊಂಡ್ಯಾ?" ಎಂದು ತಿರುಗಿ ಕೇಳಿದಳು.

"ನಾಳೆ."

"ಹಾಗಾದ್ರೆ ನಾಳೆ."

ಹನ್ನೊಂದರ ಬೆಳಿಗ್ಗೆ ಹೆಡ್‌ಮಾಸ್ಟರ್ ಕೋಣೆಗೆ ಹೋಗಿ ಗ್ರಾಂಟನ ಪತ್ರ ವಾಪಸ್ ಕೊಡಿ ಎಂದೆ. ಪಟ್ಟಿಯ ವಿಷಯ, ಫೋಟೋದ ವಿಷಯ, ನಾನು ಡೀನ್‌ಗೆ ತಿಳಿಸದ ವಿಷಯ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹುಡುಗ ಹೇಗೆ ಹಾಗಾದ್ರೆ? ಪ್ರಿಫೆಕ್ಟ್ ಮಾಡೋದಾ ಬೇಡ್ವಾ? ಡ್ಯಾನ್ಸಿಗೆ ಬರೋ ಬಸ್ಸಿನಿಂದ ಹುಡುಗಿಯರನ್ನ ಕರ್ಕೊಂಡು ಬರೋದೂ ಪ್ರಿಫೆಕ್ಟೇ, ಏಮೋಸ್."

"ಇನ್ನೊಂದು ಪತ್ರ ಬರೆದು ತರ್ತೀನಿ," ಎಂದೆ.

ಬರೆಯಲು ಕೂತೆ. ಮೊದಲ ವಾಕ್ಯ: "ಗ್ರಾಂಟ್ ಹಾಲಿಸ್ಟರ್ ಮೂರು ವರ್ಷದಿಂದ ನನ್ನ ಬಾಗಿಲಿನಿಂದ ಮೂರನೇ ಕೋಣೆಯಲ್ಲಿದ್ದಾನೆ, ಅವನು ಎಂಥವನೆಂದು ನನಗೆ ಗೊತ್ತಿಲ್ಲ." ಎರಡನೇ ವಾಕ್ಯ ಬರಲಿಲ್ಲ. ಊಟಕ್ಕೆ ಎದ್ದು ಹೋಗಿ ಬಂದರೆ ಪಕ್ಕದಲ್ಲಿ ಹಳದಿ ಟಿಪ್ಪಣಿ. "ಇದನ್ನ ಇಲ್ಲಿ ಕೂತು ಹೇಗೆ ಬರೀತೀಯ?"

ಯಾವ ಶಾಲೆ ಎಂದು ನೀವು ಕೇಳುತ್ತಿದ್ದೀರಿ. ಇಷ್ಟು ಹೊತ್ತು ಓದಿದ್ದೀರಿ, ಕೇಳುವ ಹಕ್ಕಿದೆ. ನನಗೂ ಇನ್ನೂ ಹೇಳಿಲ್ಲ ಮಾರಾಯರೇ, ಹೊಸ ಪತ್ರ ಮುಗಿಯಲಿ ಅಂತೆ. ಹೇಳಿದ್ದರೆ ಮೊದಲ ಸಾಲಿನಲ್ಲೇ ಬರೆದು ಈ ಕಾಟ ತಪ್ಪಿಸಿಕೊಳ್ಳುತ್ತಿರಲಿಲ್ಲವೇ? ಅವಳು ಆರಿಸಿಯಾಗಿದೆ, ಈಗ ಅದರಲ್ಲಿ ನನ್ನ ಕೆಲಸವಿಲ್ಲ. ಅದನ್ನು ನುಂಗಿಕೊಳ್ಳುವುದು ಕಷ್ಟ, ಸುಳ್ಳು ಹೇಳುವುದಿಲ್ಲ.

ಮಧ್ಯಾಹ್ನ ಮೂರು ಗಂಟೆ. ಆಟಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ನಾನು ಅಡುಗೆಮನೆಯ ಬಾಗಿಲು ತೆರೆದು ಕಾರಿಡಾರಿಗೆ ಹೋಗಿ ಮೂರನೇ ಕೋಣೆಯ ಬಾಗಿಲು ತಟ್ಟಿದೆ. ಗ್ರಾಂಟ್ ತೆಗೆದ. ನನ್ನ ಮುಖ ನೋಡಿದ, ಕೈ ನೋಡಿದ, ತಿರುಗಿ ತನ್ನ ಹಾಸಿಗೆ ಸರಿಯಾಗಿದೆಯೇ ಎಂದು ನೋಡಿದ.

"ಏನ್ ತಪ್ಪಾಯ್ತು ಸರ್?"

"ಏನಿಲ್ಲಪ್ಪ," ಎಂದೆ. "ಕೂತ್ಕೋಬಹುದಾ?"

ಕೋಣೆಯಲ್ಲಿ ಒಂದೇ ಕುರ್ಚಿ ಇತ್ತು, ಅದರ ಮೇಲೆ ಒಗೆಯುವ ಬಟ್ಟೆಯ ರಾಶಿ. ಅದನ್ನು ಎತ್ತಿ ಎಲ್ಲಿಡಬೇಕೆಂದು ತಿಳಿಯದೆ ಅವನು ನಿಂತ. ನನಗೂ ಮೊದಲು ಏನು ಕೇಳಬೇಕೆಂದು ತಿಳಿದಿರಲಿಲ್ಲ.